ನನ್ನ ಕೊರಿಯಾ ಊಟವನ್ನು ಕಲಗಚ್ಚಿನಲ್ಲಿ ಸವಿದ ಬೆಳ್ಳಿಯವರಿಗೆ

ಮಾನ್ಯರೇ,

ನಂದಗುಡಿಯ ನಮ್ಮ ಹಿತ್ತಲ ಕೊಟ್ಟಿಗೆಯ ಏಕೈಕ ಒಡತಿಯೂ, ಎರಡೂ ಹೊತ್ತು ಡೇರಿಯ ಕ್ಯಾನು ತುಂಬಿಸುವ ದಾನಿಯೂ, ನನ್ನ ತಾಯಿಯ ಪ್ರೀತಿಗೆ ನನಗಿಂತ ಮೊದಲ ಹಕ್ಕುದಾರರೂ ಆದ ಸೀಮೆಹಸು ಬೆಳ್ಳಿಯವರ ಪಾದಗಳಿಗೆ, ನಾಲ್ಕಕ್ಕೂ, ನಮಸ್ಕಾರಗಳು.

ತಾವು ಬಲ್ಲಂತೆ ನನ್ನ ಮಗಳು ಹರ್ಷಿತ ಪಿಯುಸಿಗೆ ಸೇರಿದಂದಿನಿಂದ ತಟ್ಟೆಯನ್ನು ಕೋಣೆಗೆ ಒಯ್ದು, ಫೋನನ್ನು ನೀರಿನ ಚೊಂಬಿಗೆ ಒರಗಿಸಿ, ಕೊರಿಯಾದ ಧಾರಾವಾಹಿಯವರ ಜೊತೆಯಲ್ಲೇ ಉಣ್ಣುತ್ತಾಳೆ. ಅವಳನ್ನು ಒಂದು ಹೊತ್ತಾದರೂ ಪಕ್ಕದಲ್ಲಿ ಕೂರಿಸಿಕೊಂಡು ಮಾತಾಡಿಸಬೇಕೆಂಬ ಆಸೆಯಿಂದ, ಹೆಂಡತಿ ಶಾಮಲಾ ವಿಜಯಪುರದ ತವರಿಗೆ ಹೋಗಿದ್ದ ಧೈರ್ಯದ ಮೇಲೆ, ಕಳೆದ ಭಾನುವಾರ ಆ ಧಾರಾವಾಹಿಯವರು ತಿನ್ನುವ ಅನ್ನದ ಬಟ್ಟಲನ್ನೇ ಮಾಡಿಕೊಡುತ್ತೇನೆಂದು ಘೋಷಿಸಿದೆ. "ನೀನಾ? ಸುಮ್ನಿರಪ್ಪ, ನಿಂಗೆ ಕಾಫಿ ಬಿಸಿ ಮಾಡೋಕೇ ಬರಲ್ಲ" ಎಂದು ಅವಳು ನಕ್ಕಿದ್ದನ್ನು ಪ್ರೋತ್ಸಾಹವೆಂದೇ ಭಾವಿಸಿದೆ.

ಫೋನಿನಲ್ಲಿ ಹುಡುಕಿ ಓದಿದ ಅಡುಗೆಯ ಕ್ರಮವೇನೋ ಸುಲಭ. ಅನ್ನದ ಮೇಲೆ ಬಗೆಬಗೆಯ ತರಕಾರಿಯನ್ನು ಬೇರೆಬೇರೆಯಾಗಿ ಜೋಡಿಸಿ, ನಡುವೆ ಮಾಂಸ, ಅದರ ಮೇಲೆ ಮೊಟ್ಟೆ, ಕೊನೆಗೆ ಕೆಂಪು ಖಾರ ಇಟ್ಟು, ಅಷ್ಟು ಚೆಂದ ಜೋಡಿಸಿದ್ದನ್ನೆಲ್ಲ ಕಲಸಿಬಿಡಬೇಕು. ಆ ಮಾಂಸ ಯಾರದಿರಬೇಕೆಂದು ಮೊದಲ ಸಾಲಿನಲ್ಲೇ ಬರೆದಿತ್ತು. ಅದು ನಮ್ಮ ಮನೆಯಲ್ಲಿ ಬಳಕೆಯಿಲ್ಲ, ಮೇಲಾಗಿ ತಾವು ಹಿತ್ತಲ ಕಿಟಕಿಯಿಂದ ನನ್ನನ್ನೇ ದಿಟ್ಟಿಸುತ್ತಿದ್ದಿರಿ, ಆದ್ದರಿಂದ ಆ ಸಾಲನ್ನು ಮನಸ್ಸಿನಲ್ಲೇ ಓದಿಕೊಂಡು ಕುರಿ ಖೀಮಾ ಹಾಕಿದೆ. ಕ್ಯಾರೆಟ್, ಸೌತೆಕಾಯಿ, ಮೂಲಂಗಿಗಳನ್ನು, ಜೊತೆಗೆ ನನ್ನ ಬೆರಳನ್ನೂ ಒಂದಿಷ್ಟು, ದಾರದಂತೆ ಸಣ್ಣಗೆ ಹೆಚ್ಚಿ, ಬೇರೆಬೇರೆ ಪಾತ್ರೆಯ ನೀರಿನಲ್ಲಿ ನೆನೆಹಾಕಿ, ವಿಜಯಿಯಂತೆ ಮೊಟ್ಟೆ ತರಲು ಅಂಗಡಿಗೆ ಹೋದೆ.

ಅಷ್ಟರಲ್ಲಿ ನನ್ನ ತಾಯಿ ಮುನಿರತ್ನಮ್ಮನವರು ಅಡುಗೆಮನೆಗೆ ಬಂದರು. ನೀರಿನಲ್ಲಿ ತೇಲುವ ಚೂರುಗಳನ್ನು ಕಂಡರೆ ಅವರ ಕೈ ಸುಮ್ಮನಿರುವುದಿಲ್ಲ; ಅಕ್ಕಿ ತೊಳೆದ ನೀರು, ತರಕಾರಿ ಸಿಪ್ಪೆಗಳೆಲ್ಲ ತಮಗೆ ಸಲ್ಲಬೇಕೆಂಬುದು ಈ ಮನೆಯ ಪದ್ಧತಿ. ನಾನು ಬರುವ ಹೊತ್ತಿಗೆ ಪಾತ್ರೆಗಳೆಲ್ಲ ಕಲಗಚ್ಚಿನ ಬಕೆಟ್ಟಿಗೆ ಬರಿದಾಗಿ, ಬಕೆಟ್ಟು ತಮ್ಮ ಹೊಟ್ಟೆಗೆ ಬರಿದಾಗಿ, ತಾವು ಮೂತಿ ನೆಕ್ಕಿಕೊಳ್ಳುತ್ತಿದ್ದಿರಿ. "ಸಿಪ್ಪೆ ಅನ್ಕೊಂಡ್ಬಿಟ್ಟೆ ಕಣಪ್ಪ. ತರಕಾರೀನ ಯಾರಾದ್ರೂ ಹಿಂಗೆ ಕೊಯ್ತಾರಾ?" ಎಂದರು ಅವರು. ಎಲ್ಲವನ್ನೂ ಕಲಸಿಯೇ ತಿನ್ನಬೇಕೆಂಬ ನಿಯಮವನ್ನು ಆ ದಿನ ಚಾಚೂ ತಪ್ಪದೆ ಪಾಲಿಸಿದವರು ತಾವೊಬ್ಬರೇ ಎಂದು ಒಪ್ಪಿಕೊಳ್ಳಲೇಬೇಕು. ಬಟ್ಟಲಿನೊಳಗೆ ಹೋಗಬೇಕಾದವರು ಬಟ್ಟಲನ್ನೇ ಒಳಗೆ ಹಾಕಿಕೊಂಡ ತಮ್ಮ ಸಾಮರ್ಥ್ಯಕ್ಕೆ ನಾನು ತಲೆಬಾಗುತ್ತೇನೆ.

ಆದರೆ ನನ್ನ ದೂರು ತರಕಾರಿಯ ಬಗ್ಗೆ ಅಲ್ಲ. ಸುದ್ದಿ ಕೇಳಿದ ಹರ್ಷಿತ ಹೊಟ್ಟೆ ಹಿಡಿದುಕೊಂಡು ನಕ್ಕಳು, ಫೋನನ್ನು ಮಂಚದ ಮೇಲೆ ಎಸೆದಳು, ಅನ್ನ, ಖೀಮಾ, ಮೊಟ್ಟೆಗೆ ಅಜ್ಜಿಯ ಬೆಳ್ಳುಳ್ಳಿ ಖಾರ ಕಲಸಿಕೊಂಡು ನೇರ ಕೊಟ್ಟಿಗೆಗೆ ಬಂದು ತಮ್ಮ ಪಕ್ಕ ಕೂತಳು. ಕಾಲೇಜಿನ ಕಥೆ, ಗೆಳತಿಯ ಜೊತೆಗಿನ ಜಗಳ, ನರ್ಸಿಂಗ್ ಓದುವ ಆಸೆ, ನನಗೆ ಒಂದು ಮಾತೂ ಹೇಳದ್ದನ್ನೆಲ್ಲ ತಮಗೆ ಹೇಳಿದಳು. ನಾನು ತಾವು ಇಣುಕುವ ಅದೇ ಕಿಟಕಿಯಲ್ಲಿ ಬಟ್ಟಲು ಹಿಡಿದು ನಿಂತು ಕೇಳಿಸಿಕೊಂಡೆ. ಬಹಳ ಹೊಟ್ಟೆಕಿಚ್ಚಾಯಿತು, ಬಹಳ ಸಂತೋಷವೂ ಆಯಿತು.

ಆದ್ದರಿಂದ ತಾವು ತರಕಾರಿಗಳನ್ನು ಬಣ್ಣವಾರು ಬೇರ್ಪಡಿಸಿ ಹಿಂದಿರುಗಿಸಬೇಕು, ರುಚಿಯ ಬಗ್ಗೆ ಶಾಮಲಾಗೆ ಸಾಕ್ಷಿ ಹೇಳಬೇಕು, ಮಗಳನ್ನು ಮಾತಾಡಿಸುವ ವಿದ್ಯೆಯನ್ನು ನನಗೂ ಕಲಿಸಬೇಕು ಎಂದು ಕೋರುತ್ತೇನೆ. ಮೊದಲೆರಡು ಆಗದಿದ್ದರೂ ಚಿಂತೆಯಿಲ್ಲ.

ತಮ್ಮ ವಿಶ್ವಾಸಿಯೂ, ತಮ್ಮ ಸಗಣಿ ಬಾಚುವವನೂ ಆದ,
ವಿಜಯ್

ತಾ.ಕ.: "ಮುಂದಿನ್ ವಾರನೂ ಮಾಡಪ್ಪ, ಬೆಳ್ಳಿಗೆ ತುಂಬಾ ಇಷ್ಟ ಆಯ್ತು" ಎಂದು ಮಗಳ ಆಜ್ಞೆಯಾಗಿದೆ, ಕ್ಯಾರೆಟ್ ಆಗಲೇ ತಂದಿಟ್ಟಿದ್ದೇನೆ. ಆ ದಿನ ತಾವು ದಯಮಾಡಿ ಒಂದಿಷ್ಟು ಸರಿದು, ಅವಳ ಪಕ್ಕದಲ್ಲಿ ನನಗೂ ಜಾಗ ಬಿಡಬೇಕು. ಇಲ್ಲವಾದರೆ ಆ ಅಡುಗೆಯ ಮೊದಲ ಸಾಲನ್ನು ತಮ್ಮ ಕಿವಿಯ ಬಳಿ ನಿಂತು ಗಟ್ಟಿಯಾಗಿ ಓದಬೇಕಾಗುತ್ತದೆ.