ನಾಲ್ಕನೆಯ ಸಸಿಯ ಪಾಲು

ಹೆತ್ತ ಗಿಡದಿಂದ ಬರಬೇಕಾದ ಪಾಲನ್ನು ಸಸಿಗಳು ಪೂರ್ವಾನುಮತಿಯಿಲ್ಲದೆ ತಮ್ಮತಮ್ಮಲ್ಲೇ ಹಂಚಿಕೊಳ್ಳತಕ್ಕದ್ದಲ್ಲ ಎಂಬ ನಿಯಮವು ಸಸ್ಯ ಸಂಶೋಧನಾ ಸಂಸ್ಥೆಯಲ್ಲಿ ಜಾರಿಗೆ ಬಂದದ್ದು, ಅಲ್ಲಿನ ತಳಿವಿಜ್ಞಾನಿಯ ಲೆಕ್ಕವೊಂದು ಸರಿಯಾಗಿ ಬಂದ ಕಾರಣಕ್ಕೆ. ತಪ್ಪಿದ್ದರೆ ಯಾರೂ ಕೇಳುತ್ತಿರಲಿಲ್ಲ. ಲೆಕ್ಕ ತಪ್ಪುವುದಕ್ಕೆ ಬೇಕಾದ ಅನುಕೂಲವೆಲ್ಲ ಸಂಸ್ಥೆಯಲ್ಲಿ ಮೊದಲಿನಿಂದಲೂ ಇತ್ತು.

ತಳಿವಿಜ್ಞಾನಿ ನಡುವಯಸ್ಸಿನ ಹೆಂಗಸು. ಉಪ್ಪುನೀರು ಕುಡಿದರೂ ಬಾಡದ ಟೊಮೆಟೊ ಗಿಡ ಮಾಡಬೇಕೆಂಬುದು ಅವಳ ಬಹುಕಾಲದ ಹಟ. ಸಮುದ್ರದ ದಂಡೆಯಲ್ಲಿ ಬೆಳೆಯುವ ಯಾವುದೋ ಕಳೆಯಿಂದ ಉಪ್ಪು ತಡೆಯುವ ವಂಶವಾಹಿಯನ್ನು, ಸಂಸ್ಥೆಯ ಮಾತಿನಲ್ಲಿ ಹೇಳುವುದಾದರೆ ಜೀನನ್ನು, ತೆಗೆದು ಟೊಮೆಟೊಗೆ ಸೇರಿಸಿದ್ದಳು. ಗಿಡದಲ್ಲಿ ಜೀನುಗಳು ಜೋಡಿಯಾಗಿ ಇರುತ್ತವೆ. ಹೊಸದು ಹೋಗಿ ಕೂತದ್ದು ಜೋಡಿಯ ಒಂದು ಕಡೆಗೆ ಮಾತ್ರ. ಅಂಥ ಗಿಡ ತನ್ನದೇ ಪರಾಗದಿಂದ ಬೀಜ ಕಟ್ಟಿದರೆ, ಮಕ್ಕಳ ಪಾಲು ಎರಡು ನಾಣ್ಯ ಚಿಮ್ಮಿದ ಹಾಗೆ. ನಾಲ್ಕರಲ್ಲಿ ಮೂರಕ್ಕೆ ಒಂದು ಕಡೆಯಿಂದಲಾದರೂ ಜೀನು ದಕ್ಕುತ್ತದೆ, ನಾಲ್ಕನೆಯದಕ್ಕೆ ಎರಡೂ ಕಡೆಯಿಂದ ಖಾಲಿ ಕೈ. ಮೂರಕ್ಕೆ ಒಂದು ಎಂದು ಅವಳು ಬಿತ್ತುವ ಮೊದಲೇ ಬರೆದಿಟ್ಟಳು. ಸಸಿ ನಾಲ್ಕೆಲೆ ಬಿಟ್ಟಮೇಲೆ ಉಪ್ಪುನೀರು ಹಾಕಿದಳು. ಮುಕ್ಕಾಲು ಪಾಲು ಹಸಿರಾಗಿ ನಿಂತವು, ಕಾಲು ಪಾಲು ಕತ್ತು ಚೆಲ್ಲಿದವು. ಅವಳು ಗಾಜಿನ ಮನೆಯ ಬಾಗಿಲು ಹಾಕಿಕೊಂಡು, ಯಾರಿಗೂ ಕೇಳಿಸದ ಹಾಗೆ ಸ್ವಲ್ಪ ಹೊತ್ತು ಹಾಡಿಕೊಂಡಳು.

ಸಂಸ್ಥೆಯಿಂದ ಹೊರಬೀಳುವ ಪ್ರತಿ ಕಾಗದಕ್ಕೂ ಕಾನೂನು ಅಧಿಕಾರಿಯ ರುಜು ಬೇಕು. ಈಗಿನ ಅಧಿಕಾರಿ ಹೊಸಬರು, ಅಲ್ಲಿಯವರೆಗೆ ಆಸ್ತಿ ಪಾಲಿನ ದಾವೆಗಳನ್ನೇ ನಡೆಸಿ ಬಂದವರು. ‘ಸಂತತಿಯಲ್ಲಿ ಹಂಚಿಕೆಯ ಅನುಪಾತ’ ಎಂಬ ತಲೆಬರಹ ನೋಡಿದವರೇ ಪೆನ್ನಿನ ಮುಚ್ಚಳ ಹಾಕಿ, ಗಾಜಿನ ಮನೆಗೆ ಎದ್ದು ಬಂದರು.

“ಇವೆಲ್ಲ ಒಂದೇ ತಾಯಿ ಮಕ್ಕಳಾ?”

“ಹೌದು ಸಾರ್. ತಂದೆಯೂ ಅದೇ ಗಿಡ.”

“ಹಾಗಾದರೆ ಮಲಮಕ್ಕಳ ಪ್ರಶ್ನೆ ಬರಲ್ಲ.” ಅವರು ಗುರುತು ಹಾಕಿಕೊಂಡರು. “ಮತ್ತೆ ಈ ನಾಲ್ಕನೆಯದಕ್ಕೆ ಯಾಕೆ ಕೊಟ್ಟಿಲ್ಲ?”

“ಯಾರೂ ಕೊಡೋದಲ್ಲ ಸಾರ್. ಲೆಕ್ಕದ ಪ್ರಕಾರ ನಾಲ್ಕರಲ್ಲಿ ಒಂದಕ್ಕೆ ಸಿಗಲ್ಲ.”

“ಇದು ನಿಮಗೆ ಮೊದಲೇ ಗೊತ್ತಿತ್ತಾ?”

“ಗೊತ್ತಿತ್ತು. ಬಿತ್ತೋಕೆ ಮುಂಚೆಯೇ ಬರೆದಿದ್ದೀನಿ, ನೋಡಿ.” ಅವಳು ಹೆಮ್ಮೆಯಿಂದಲೇ ಪುಟ ತೋರಿಸಿದಳು.

“ಗೊತ್ತಿದ್ದೂ ಬಿತ್ತಿದಿರಿ. ಪಾಲು ಸಿಗದ ಮಗುವಿಗೆ ಉಪ್ಪುನೀರು ಬೇರೆ ಕುಡಿಸಿದಿರಿ.”

ಅವರು ಬಗ್ಗಿ, ಬಾಡಿದ ಸಸಿಯ ಕತ್ತನ್ನು ಒಂದು ಬೆರಳಿನಿಂದ ಎತ್ತಿ ಹಿಡಿದರು. ಬೆರಳು ತೆಗೆದರೆ ಅದು ಮತ್ತೆ ಜೋಲುತ್ತಿತ್ತು. “ನಮ್ಮಪ್ಪ ಮಾಡಿದ್ದೂ ಇದೇ ಮೇಡಂ,” ಎಂದರು. “ಅಣ್ಣಂದಿರು ಮೂರು ಜನಕ್ಕೂ ಬರೆದುಕೊಟ್ಟ. ನನ್ನ ಸರದಿ ಬಂದಾಗ, ನೀನು ಓದಿದ್ದೀಯಲ್ಲ ಅಂದುಬಿಟ್ಟ.” ಕನ್ನಡಕ ತೆಗೆದು ಒರೆಸಿಕೊಂಡರು. ಅವಳು ಒಂದು ಸ್ಟೂಲು ಎಳೆದುಕೊಟ್ಟಳು. ಅವರು ಕೂತರು, ಸುಧಾರಿಸಿಕೊಂಡರು, ಆಮೇಲೆ ಅದೇ ಸ್ಟೂಲಿನ ಮೇಲೆ ಕೂತು ಅವಳಿಗೊಂದು ನೋಟೀಸು ಬರೆದರು. ಆಪಾದನೆ: ಪಾಲುವಂಚನೆಯ ಪೂರ್ವಜ್ಞಾನ. ವಿಚಾರಣೆ ಮುಗಿಯುವ ತನಕ ಪ್ರಯೋಗ ಸ್ಥಗಿತ, ವರ್ಷವರ್ಷ ಮುಂದುವರಿಯುತ್ತಿದ್ದ ಅವಳ ನೌಕರಿಯೂ ಹಾಗೆಯೇ.

ಮನೆಯಲ್ಲಿ ಅತ್ತೆ ಬಟ್ಟೆ ಮಡಚುತ್ತಿದ್ದರು. ಸೊಸೆಯ ಮುಖ ನೋಡಿ, “ಏನು ತಪ್ಪು ಮಾಡಿಕೊಂಡೆ?” ಎಂದು ಕೇಳಿದರು.

“ತಪ್ಪೇನಿಲ್ಲ ಅತ್ತೆ. ಆಗೋದನ್ನ ಮೊದಲೇ ಹೇಳಿದ್ದೆ, ಹಾಗೇ ಆಯಿತು.”

“ಅದೇ ನಿನ್ನ ಕಾಯಿಲೆ. ನನ್ನ ತಮ್ಮನ ಅಂಗಡಿ ಮುಳುಗುತ್ತೆ ಅಂತ ಮೊದಲೇ ಹೇಳಿದೆ. ಮುಳುಗಿತು. ಅಂಗಡಿ ಹೋಗಿದ್ದನ್ನ ಅವನು ಯಾವತ್ತೋ ಮರೆತ, ನೀನು ಹೇಳಿದ್ದನ್ನ ಇನ್ನೂ ಮರೆತಿಲ್ಲ.” ಅತ್ತೆ ದಿಂಬಿನ ಚೀಲವನ್ನು ಕೊಡವಿ ಮಡಚಿದರು. “ವಿಚಾರಣೇಲಿ ಸುಮ್ಮನೆ ತಲೆ ಆಡಿಸಿ ಬಾ. ಗಿಡ ಏನು ಮೇಲ್ಮನವಿ ಹಾಕುತ್ತಾ?”

ವಿಚಾರಣೆ ನಿರ್ದೇಶಕರ ಕೋಣೆಯಲ್ಲಿ ನಡೆಯಿತು. ನಿರ್ದೇಶಕರು ಗಿಡಗಳ ವಿಷಯದಲ್ಲಿ ಆಸಕ್ತಿ ಕಳೆದುಕೊಂಡು ಬಹಳ ಕಾಲವಾಗಿತ್ತು. ಆದರೆ ಅನುದಾನದ ವಾಸನೆ ಗೋಡೆಯಾಚೆಯಿಂದಲೇ ಅವರ ಮೂಗಿಗೆ ಬಡಿಯುತ್ತಿತ್ತು. ಕಾನೂನು ಅಧಿಕಾರಿ ‘ವಂಚಿತ’ ಎಂಬ ಪದ ಬಳಸಿದ ಕೂಡಲೇ ಅವರು ಕುರ್ಚಿಯಲ್ಲಿ ನೆಟ್ಟಗೆ ಕೂತರು. ಆದೇಶ ಆ ಸಂಜೆಯೇ ಸೂಚನಾ ಫಲಕಕ್ಕೆ ಬಂತು:

“ಹೆತ್ತ ಗಿಡದಿಂದ ಬರಬೇಕಾದ ಪಾಲನ್ನು ಸಸಿಗಳು ಪೂರ್ವಾನುಮತಿಯಿಲ್ಲದೆ ತಮ್ಮತಮ್ಮಲ್ಲೇ ಹಂಚಿಕೊಳ್ಳತಕ್ಕದ್ದಲ್ಲ. ಉಪ್ಪು ತಡೆಯುವ ಗುಣವು ದೊರೆಯದ ಸಸಿಗಳನ್ನು ಇನ್ನು ಮುಂದೆ ವಂಚಿತ ಸಸಿಗಳೆಂದು ಕರೆಯತಕ್ಕದ್ದು. ಸದರಿ ಸಸಿಗಳು ಸದರಿ ಗುಣವನ್ನು ಹೊಂದಿವೆಯೆಂದು ಭಾವಿಸತಕ್ಕದ್ದು ಮತ್ತು ಪ್ರಮಾಣಪತ್ರ ನೀಡತಕ್ಕದ್ದು. ಪರೀಕ್ಷೆಗೆ ಬಳಸುವ ಉಪ್ಪುನೀರಿನಲ್ಲಿ ಉಪ್ಪು ಇರತಕ್ಕದ್ದಲ್ಲ.”

“ಉಪ್ಪು ಇಲ್ಲದೆ ಅದು ಉಪ್ಪುನೀರು ಹೇಗಾಗುತ್ತೆ ಸಾರ್?” ಎಂದು ಅವಳು ಕೇಳಿದಳು. ಅತ್ತೆಯ ಮಾತು ನೆನಪಾದದ್ದು ಕೇಳಿದ ಮೇಲೆ.

“ಹೆಸರು ಬದಲಾಯಿಸಿಲ್ಲವಲ್ಲ ಮೇಡಂ,” ಎಂದರು ನಿರ್ದೇಶಕರು.

ಮುಂದಿನ ಪರೀಕ್ಷೆಯಲ್ಲಿ ನಾಲ್ಕಕ್ಕೆ ನಾಲ್ಕೂ ಸಸಿಗಳು ನೆಟ್ಟಗೆ ನಿಂತವು. ಮೂರು ಪ್ರಕೃತಿಯಿಂದ, ಒಂದು ಆದೇಶದಿಂದ ಎಂದು ಅವಳು ವರದಿ ಬರೆದಳು, ನೌಕರಿ ಮುಂದುವರಿಯಿತು. ಮೇಲಿನ ಇಲಾಖೆಗೆ ಇದು ಬಹಳ ಹಿಡಿಸಿತು. ಎಲೆಯ ಜೀನು ನೋಡಿ ಗುರುತಿಸಿದ ಪ್ರತಿ ವಂಚಿತ ಸಸಿಗೂ ಇಷ್ಟೆಂದು ಅನುದಾನ ಬರತೊಡಗಿತು. ಪುನರ್ವಸತಿ ಘಟಕವೊಂದು ತೆರೆಯಿತು, ಕಿಟಕಿಗೆ ಪರದೆ ಬಂತು, ಬೀಜದ ಫ್ರಿಜ್ ಇದ್ದ ಅವಳ ಕೋಣೆಯ ಅರ್ಧ ಭಾಗ ಘಟಕದ ಪಾಲಾಯಿತು. ಕಲ್ಯಾಣಾಧಿಕಾರಿಯಾಗಿ ಬಂದವನು ಕಾನೂನು ಅಧಿಕಾರಿಯ ಭಾವಮೈದುನ. ಚಪ್ಪಲಿ ಅಂಗಡಿಯಲ್ಲಿ ಬಹುಕಾಲ ದುಡಿದಿದ್ದರಿಂದ ಬಗ್ಗಿ ಕೂತು ಮಾತಾಡಿಸುವ ಅಭ್ಯಾಸ ಅವನಿಗೆ ಚೆನ್ನಾಗಿತ್ತು. ದಿನಾ ಬೆಳಗ್ಗೆ ಕುಂಡಗಳ ನಡುವೆ ಕುಕ್ಕರಗಾಲಿನಲ್ಲಿ ಕೂತು ಒಂದೊಂದೇ ಸಸಿಯನ್ನು ವಿಚಾರಿಸಿಕೊಳ್ಳುತ್ತಿದ್ದ.

ಒಂದು ದಿನ ನಿರ್ದೇಶಕರು ಅವಳನ್ನು ಕರೆಸಿ ಬಿಸ್ಕತ್ತಿನ ತಟ್ಟೆ ಮುಂದಕ್ಕೆ ತಳ್ಳಿದರು.

“ವಂಚಿತರು ಕಾಲು ಭಾಗ ಮಾತ್ರ ಆಗ್ತಿದ್ದಾರೆ. ಸ್ವಲ್ಪ ಜಾಸ್ತಿ ಮಾಡೋಕೆ ಬರುತ್ತಾ?”

ಸುಮ್ಮನಿರಬಹುದಿತ್ತು. ಆದರೆ ಉತ್ತರ ಗೊತ್ತಿರುವ ಪ್ರಶ್ನೆ ಎದುರಿಗೆ ಬಂದರೆ ಅವಳ ಬಾಯಿ ಅವಳ ಮಾತು ಕೇಳುತ್ತಿರಲಿಲ್ಲ.

“ತಾಯಿ ಗಿಡಾನ ಮಾಮೂಲಿ ಟೊಮೆಟೊ ಜೊತೆ ಕೂಡಿಸಿದರೆ ಅರ್ಧಕ್ಕರ್ಧ ಆಗುತ್ತೆ ಸಾರ್. ಒಂದಕ್ಕೆ ಒಂದು.”

ಕೂಡಿಸಿದರು. ಅರ್ಧಕ್ಕರ್ಧವೇ ಆಯಿತು. ಘಟಕಕ್ಕೆ ಮೇಲಂತಸ್ತು ಎದ್ದಿತು, ನಿರ್ದೇಶಕರು ಮೂರು ದೇಶಗಳಲ್ಲಿ ಭಾಷಣ ಮಾಡಿ ಬಂದರು. ಬಂದವರೇ ಮತ್ತೆ ಬಿಸ್ಕತ್ತು ತರಿಸಿದರು. ಈ ಸಲ ಕ್ರೀಮಿನದು.

“ಇದಕ್ಕೂ ಜಾಸ್ತಿ?”

“ಮಾಮೂಲಿ ಗಿಡಕ್ಕೆ ಮಾಮೂಲಿ ಗಿಡಾನೇ ಕೂಡಿಸಿದರೆ,” ಎಂದಳು ಅವಳು, “ಎಲ್ಲವೂ ವಂಚಿತವೇ.”

“ಖಚಿತವಾ?”

“ಇಷ್ಟು ಖಚಿತವಾದ ಲೆಕ್ಕ ನಮ್ಮ ಶಾಸ್ತ್ರದಲ್ಲಿ ಇನ್ನೊಂದಿಲ್ಲ ಸಾರ್.”

ಹೀಗೆ ಜೀನು ಸೇರಿಸಿದ ಗಿಡಗಳಿಗೆ ಸಂಸ್ಥೆಯಲ್ಲಿ ಕೆಲಸವಿಲ್ಲದಂತಾಯಿತು. ಅವಿದ್ದರೆ ಎಲ್ಲೋ ಒಂದೆರಡು ಸಸಿಗಳಿಗೆ ಪಾಲು ಸಿಕ್ಕಿಬಿಡುವ ಅಪಾಯವೂ ಇತ್ತು. ಸುರಕ್ಷತಾ ನಿಯಮದಂತೆ ಸುಡಬೇಕೆಂದು ತೀರ್ಮಾನವಾದಾಗ, ಒಂದು ಸಾಲನ್ನಾದರೂ ಉಳಿಸಿಕೊಡಿ ಎಂದು ಅವಳು ಕಾನೂನು ಅಧಿಕಾರಿಯನ್ನು ಕೇಳಿಕೊಂಡಳು.

“ಎಲ್ಲ ಸಿಕ್ಕಿರೋ ಅಣ್ಣಂದಿರು, ಏನೂ ಸಿಗದ ತಮ್ಮ, ಒಂದೇ ಮನೇಲಿ ಹೇಗೆ ಇರಬೇಕು ಮೇಡಂ?” ಎಂದರು ಅವರು. ದನಿಯಲ್ಲಿ ಹಗೆಯಿರಲಿಲ್ಲ. ನಿಜವಾಗಿಯೂ ಗೊತ್ತಾಗದೆ ಕೇಳಿದಂತಿತ್ತು.

ಕುಂಡಗಳನ್ನು ಕೈಗಾಡಿಯಲ್ಲಿ ಒಯ್ಯುವುದನ್ನು ಅವಳು ಕಿಟಕಿಯಿಂದ ನೋಡಿದಳು. ಹಸಿರು ಕಡುವಾಗಿತ್ತು, ಒಂದೆರಡರಲ್ಲಿ ಕಾಯಿ ಕೂಡ ಇತ್ತು. ಹೋಗಲಿ, ಬೀಜ ಇದೆಯಲ್ಲ ಎಂದುಕೊಂಡು ಫ್ರಿಜ್ ತೆರೆದರೆ ಒಳಗೆಲ್ಲ ಶರಬತ್ತಿನ ಬಾಟಲಿಗಳು.

“ಇಲ್ಲೊಂದು ಬೀಜದ ಪೊಟ್ಟಣ ಇತ್ತಲ್ಲ?”

“ಜಾಗ ಸಾಲದೆ ಹೊರಗೆ ಹಾಕಿದೆ ಮೇಡಂ,” ಎಂದ ಕಲ್ಯಾಣಾಧಿಕಾರಿ. “ನಮ್ಮ ವಂಚಿತರದ್ದಾ?”

“ಅಲ್ಲ.”

“ಅಬ್ಬ, ಹಾಗಾದರೆ ಪರವಾಗಿಲ್ಲ.”

ಅವಳು ಫ್ರಿಜ್ಜಿನ ಬಾಗಿಲು ಹಿಡಿದುಕೊಂಡು ಬಾಟಲಿಗಳ ಹಿಂದೆ ಇನ್ನೊಮ್ಮೆ ಹುಡುಕಿದಳು. ತಂಪು ಗಾಳಿ ಮುಖಕ್ಕೆ ಬರುತ್ತಿತ್ತು. ಬಾಗಿಲು ತೆರೆದಿಟ್ಟರೆ ಬಾಟಲಿಗಳು ಬಿಸಿಯಾಗುತ್ತವೆ ಎಂದು ಅವನು ಮೆತ್ತಗೆ ನೆನಪಿಸಿದ. ಮುಚ್ಚಿದಳು. ಆ ವಾರವೇ ಅವಳ ನೌಕರಿ ಕಾಯಂ ಆಯಿತು. ಸಂಸ್ಥೆಯ ಇತಿಹಾಸದಲ್ಲೇ ಮೊದಲ ಬಾರಿಗೆ ಒಂದು ಸಸಿಯೂ ಹೆಚ್ಚುಕಡಿಮೆಯಾಗದ ಭವಿಷ್ಯವಾಣಿಗಾಗಿ ಪದಕವೂ ಬಂತು. ಅತ್ತೆ ಅದನ್ನು ನಡುಮನೆಯಲ್ಲಿ, ಬಂದವರ ಕಣ್ಣಿಗೆ ಬೀಳುವ ಕಡೆ ನೇತುಹಾಕಿದರು.

ಪ್ರಮಾಣಪತ್ರದ ಜೊತೆ ವಂಚಿತ ಗಿಡಗಳ ಬೀಜವನ್ನು ಮಾರಾಟಕ್ಕೂ ಬಿಟ್ಟರು. ಕೆಲವು ತಿಂಗಳ ಮೇಲೆ ಸಮುದ್ರದ ಕಡೆಯ ಒಬ್ಬ ಟೊಮೆಟೊ ಬೆಳೆಗಾರ ಒಣಗಿದ ಗಿಡವೊಂದನ್ನು ಕೈಯಲ್ಲಿ ಹಿಡಿದು ಗಾಜಿನ ಮನೆಗೆ ಬಂದ. ಬಟ್ಟೆಬರೆಯಲ್ಲಿ ಅನುಕೂಲಸ್ಥನ ಹಾಗೆ ಕಂಡ, ಕೋಪವೇನೂ ಇರಲಿಲ್ಲ.

“ಮೇಡಂ, ಇಡೀ ತೋಟ ಹೀಗಾಗಿದೆ. ನಮ್ಮ ಬಾವೀಲಿ ಉಪ್ಪು ಜಾಸ್ತಿ.”

ಅವಳು ಗಿಡ ತೆಗೆದುಕೊಂಡು ಬೇರು ನೋಡಿದಳು, ಎಲೆ ನೋಡಿದಳು. ನಿಜ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ನಿರ್ದೇಶಕರು, ಕಾನೂನು ಅಧಿಕಾರಿ, ಕಲ್ಯಾಣಾಧಿಕಾರಿ ಮೂವರೂ ಒಳಗೆ ಬಂದರು. ಬೆಳೆಗಾರ ತನ್ನ ಮಾತನ್ನು ಇನ್ನೊಮ್ಮೆ ಹೇಳಿದ. ಕಾನೂನು ಅಧಿಕಾರಿ ಅವನ ಹೆಗಲ ಮೇಲೆ ಕೈಯಿಟ್ಟರು.

“ಅಂದರೆ ಫಸಲು ನಿಮಗೆ ಸಿಗಲಿಲ್ಲ.”

“ಸಿಗಲಿಲ್ಲ ಸಾರ್.”

“ಪಕ್ಕದ ತೋಟದವರಿಗೆ?”

“ಅವರದು ಸಿಹಿನೀರು. ಚೆನ್ನಾಗಿ ಬಂದಿದೆ.”

ನಿರ್ದೇಶಕರು ಮತ್ತು ಕಾನೂನು ಅಧಿಕಾರಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಬೆಳೆಗಾರನನ್ನು ಮರ್ಯಾದೆಯಿಂದ ಮೇಲಂತಸ್ತಿಗೆ ಕರೆದುಕೊಂಡು ಹೋದರು. ಕುರ್ಚಿ ಎಳೆಯುವ ಸದ್ದು, ಬಾಟಲಿ ತೆರೆಯುವ ಸದ್ದು, ಮೊಹರು ಒತ್ತುವ ಸದ್ದು ಒಂದರ ಹಿಂದೊಂದು ಕೇಳಿಸಿದವು. ಅವನು ಇಳಿದು ಬಂದಾಗ ಕೈಯಲ್ಲಿ ಒಣಗಿದ ಗಿಡ ಇರಲಿಲ್ಲ. ವಂಚಿತ ಬೆಳೆಗಾರ ಎಂಬ ಗುರುತಿನ ಚೀಟಿ ಇತ್ತು. ಸದರಿಯವರು ಸದರಿ ಫಸಲನ್ನು ಪಡೆದಿದ್ದಾರೆಂದು ಭಾವಿಸತಕ್ಕದ್ದು ಎಂಬ ಒಕ್ಕಣೆ ಇತ್ತು. ಅವನು ಅದನ್ನು ಎರಡು ಸಲ ಓದಿ, ನೀಟಾಗಿ ಮಡಚಿ ಜೇಬಿಗಿಟ್ಟುಕೊಂಡ. ಮುಖ ಅರಳಿತ್ತು.

“ಈ ಸಲ ಫಸಲು ಚೆನ್ನಾಗಿ ಬಂದಿದೆ ಮೇಡಂ,” ಎಂದ.

“ಸಂತೋಷ,” ಎಂದಳು ತಳಿವಿಜ್ಞಾನಿ. “ಮುಂದಿನ ಸಲಕ್ಕೂ ಇದೇ ಬೀಜ ತಗೊಂಡು ಹೋಗಿ.” ಡಬ್ಬಿ ತೆಗೆದು, ಒಂದು ಹಿಡಿ ಜಾಸ್ತಿಯೇ ಹಾಕಿಕೊಟ್ಟಳು.