ಬರಿ ಮಣ್ಣಿನ ಕಾವಲು

ಜ್ಯೇಷ್ಠದ ಒಂದು ಸೋಮವಾರ, ಬೆಳಿಗ್ಗೆ ಆರು ಗಂಟೆ. ಶ್ರೀನಿವಾಸಪುರದ ಬಸ್ ನಿಲ್ದಾಣದೆದುರು ಹಾಜರಿದ್ದವರು: ನಾನು, ಜಟಕಾ ಹೊಡೆಯುವ ಬಾಷಾ ಸಾಬರು, ಅವರ ಕುದುರೆ. ಗೈರುಹಾಜರಾದವು: ನಾನು ನೆಟ್ಟ ಗಿಡಗಳು.

ಹೆಡ್‌ಮಾಸ್ತರಿಕೆಯಲ್ಲಿ ತಲೆ ನರೆತವನಿಗೆ ಕಣ್ಣಿಗೆ ಕಾಣದ್ದನ್ನು ನಂಬುವ ಅಭ್ಯಾಸವಿರುವುದಿಲ್ಲ. ಹುಡುಗರು ಓದಿದ್ದೇವೆ ಎಂದರೆ ಒಪ್ಪಿಸಿ ಎನ್ನುತ್ತಿದ್ದೆ. ಹೆಂಡತಿ ಅನ್ನವಾಯಿತು ಎಂದರೆ ಇಂದಿಗೂ ಅಗುಳು ಹಿಚುಕಿ ನೋಡುತ್ತೇನೆ. ಅಂಥವನು, ನಿಲ್ದಾಣದೆದುರಿನ ಹೂವಿನ ಪಾತಿಗೆ ಮುನಿಸಿಪಾಲಿಟಿಯವರು ಬೆಂಗಳೂರಿನಿಂದ ಕ್ರೋಟನ್ ತರಿಸಹೊರಟಾಗ, “ನಮ್ಮ ಗುಡ್ಡದ ಗಿಡಗಳೇ ಸಾಕು, ಒಮ್ಮೆ ನೆಟ್ಟರೆ ವರ್ಷವರ್ಷವೂ ತಾವೇ ಬರುತ್ತವೆ” ಎಂದು ತುಂಬಿದ ಸಭೆಯಲ್ಲಿ ಹೇಳಿಬಿಟ್ಟೆ. ನಡುವೆ ಬಿದಿರಿಗೆ ಹಬ್ಬುವ ಗೌರಿ ಹೂ, ಸುತ್ತ ಕಾಡರಿಶಿನ. ರಾಯಲ್ಪಾಡಿನ ಗುಡ್ಡಗಳ ಕಡೆಯಿಂದ ಗಡ್ಡೆ ತರಿಸಿ, ಹಗ್ಗ ಹಿಡಿದು ಸಾಲು ತಪ್ಪದಂತೆ ಹೂಳಿದೆ. ಇವು ಬೇಸಿಗೆಯಲ್ಲಿ ನೆಲದೊಳಗೆ ಮಲಗಿದ್ದು ಮಳೆಗೆ ಏಳುತ್ತವೆ. ಮಳೆ ಬಿತ್ತು. ಏಳಲಿಲ್ಲ. ಆ ಸೋಮವಾರ ಸಂಜೆ ಮುನಿಸಿಪಾಲಿಟಿ ಅಧ್ಯಕ್ಷರು ನೋಡಲು ಬರುವವರಿದ್ದರು. ಏನೂ ಕಾಣದಿದ್ದರೆ ಪಾತಿ ಅಗೆಸಿ ಕ್ರೋಟನ್. ಆಮೇಲೆ ನನ್ನ ಮಾತಿಗೆ ಊರಿನಲ್ಲಿ ಕಿಮ್ಮತ್ತಿರುವುದಿಲ್ಲ.

“ಏನ್ ಮೇಷ್ಟ್ರೇ, ಮಣ್ಣು ಚೆನ್ನಾಗಿ ಬೆಳೀತಾ ಐತೆ,” ಎಂದರು ಬಾಷಾ ಸಾಬರು.

“ಗಿಡ ಒಳಗಿದೆ ಸಾಬರೇ.”

“ನಿಮ್ಮನ್ನ ನೋಡಿ ಹೊರಕ್ಕೆ ಬರೋಕೆ ಹೆದರ್ತಾವೇನೋ. ನಿಮ್ಮ ಇಸ್ಕೂಲಲ್ಲೇ ಓದಿರ್ಬೇಕು.”

ನಗುವ ಸ್ಥಿತಿಯಲ್ಲಿ ನಾನಿರಲಿಲ್ಲ. ದಿನದ ಪದ್ಧತಿಯಂತೆ ಕೂತು, ಮಣ್ಣು ಕೆದಕಿ, ಒಂದೊಂದೇ ಗಡ್ಡೆ ಎತ್ತಿ ಮೊಳೆತಿದೆಯೇ ಎಂದು ನೋಡಿ ಮತ್ತೆ ಹೂಳತೊಡಗಿದೆ. ಬೆಳ್ಳಗಿನ ಎಳೆಯದೊಂದು ಲಟಕ್ಕೆಂದು ಕೈಗೆ ಬಂತು. ಮೊಳಕೆ. ಪಕ್ಕದ ಗಡ್ಡೆಯ ತುದಿಯಲ್ಲೂ ಮುರಿದ ಗುರುತು. ಅದರ ಪಕ್ಕದ್ದರಲ್ಲೂ. ದಿನವೂ ಪರೀಕ್ಷೆ ಮಾಡಿ ಮಾಡಿ ಬಂದ ಮೊಳಕೆಗಳನ್ನು ನಾನೇ ಮುರಿದಿದ್ದೆ.

ಸಂಜೆ ಅಧ್ಯಕ್ಷರು ಬಂದು ಪಾತಿಯನ್ನೂ ನನ್ನನ್ನೂ ನೋಡಿದರು. ಅಷ್ಟರಲ್ಲಿ ಕೋಲಾರದ ಬಸ್ಸು ಬಂದು, ಬಾಷಾ ಸಾಬರು ಸವಾರಿ ಹಿಡಿಯಲು ಜಟಕಾ ಮುಂದಕ್ಕೆ ಹೊಡೆದರು. ಕುದುರೆ ದಿನವೂ ಅಡ್ಡ ನಿಲ್ಲುತ್ತಿದ್ದ ಪಾತಿಯ ಮೂಲೆಯಲ್ಲಿ ನಾಲ್ಕು ಹಸಿರು ಕುಡಿಗಳು ನೆಟ್ಟಗೆ ನಿಂತಿದ್ದವು. ಆ ಕುದುರೆ ಕಚ್ಚುತ್ತದೆ. ಆ ಮೂಲೆಯನ್ನು ನಾನು ಮುಟ್ಟಿರಲೇ ಇಲ್ಲ.

“ಅಲ್ಲಿ ಬಂದಿದೆ, ಇಲ್ಲಿ ಯಾಕಿಲ್ಲ?” ಎಂದರು ಅಧ್ಯಕ್ಷರು.

“ಇಲ್ಲಿ ನಾನು ನೋಡಿಕೊಂಡೆ,” ಎಂದೆ.

ಅಧ್ಯಕ್ಷರು ನನ್ನ ಉಗುರುಗಳಲ್ಲಿದ್ದ ಮಣ್ಣನ್ನು ನೋಡಿದರು. “ಗೌರಿ ಹಬ್ಬದವರೆಗೂ ಬಿಡೋಣ. ನೀವು ಮಾತ್ರ ಈ ಕಡೆ ಬರ್ಬೇಡಿ ಮೇಷ್ಟ್ರೇ.”

ಮನೆಯಲ್ಲಿ ಹೆಂಡತಿ ಹಾಲಿಗೆ ಹೆಪ್ಪು ಹಾಕುತ್ತಿದ್ದಳು. ನಡೆದದ್ದು ಅವಳಿಗೆ ತಿಳಿಯದು. “ರೀ, ಆಗಾಗ ಬಂದು ಮುಚ್ಚಳ ತೆಗೀಬೇಡಿ,” ಎಂದಳು. ಆ ದಿನದ ಕೊನೆಯ ಕೆಲಸವಾಗಿ, ಅಡಿಗೆಮನೆಯ ಬಾಗಿಲವರೆಗೆ ಹೋಗಿ ಹಿಂದಿರುಗಿದೆ.