ಕಾಕಾನ ಸಂತೆ ಚಾಕು

ನಮ್ಮ ಕಾಕಾ ಇಷ್ಟು ವರ್ಷ ಜೈಲಿನ ಹೊರಗಿದ್ದದ್ದೇ ಒಂದು ಪವಾಡ! ಯಾರ ತಂಟೆಗೂ ಹೋಗದ, ಇರುವೆ ಕಂಡರೆ ಕಾಲು ಎತ್ತಿಡುವ ಮನುಷ್ಯ. ಆದರೆ ಅಂಗಿಯ ಜೇಬಿನಲ್ಲಿ, ಬನಿಯನ್ನಿನ ಕಿಸೆಯಲ್ಲಿ, ಬುತ್ತಿಯ ಚೀಲದಲ್ಲಿ ಎಲ್ಲೆಲ್ಲೂ ಮಡಚುವ ಚಾಕು! ಹಿಡಕಲ್ ಡ್ಯಾಮಿನಲ್ಲಿ ನೀರು ಬಿಡುವ ನೌಕರಿ ಮಾಡಿ ನಿವೃತ್ತನಾದವನಿಗೆ ಇಷ್ಟು ಚಾಕು ಯಾಕೆ ಅಂತ ನನ್ನನ್ನು ಕೇಳಬೇಡಿ. ಅವನ ಹೆಂಡತಿ, ನಮ್ಮ ಚಿಗವ್ವ, ಜೀವಮಾನವಿಡೀ ಕೇಳಿ ಸೋತಿದ್ದಾಳೆ.

ಎಲ್ಲವೂ ಮೂಡಲಗಿ ಸಂತೆಯವು, ಒಂದು ಪ್ಲೇಟು ಮಿರ್ಚಿಯ ದುಡ್ಡಿಗೆ ಬರುವಂಥವು. "ರೊಕ್ಕಾ ಸುರದ ಮ್ಯಾಲ ಹರಿತ ಇದ್ದರ ಅದೇನ ದೊಡ್ಡಸ್ತಿಕಿ?" ಎನ್ನುವುದು ಕಾಕಾನ ಸಿದ್ಧಾಂತ. ಕೊಳ್ಳುವ ಮುಂಚೆ ಎಡ ಮುಂಗೈಯ ಕೂದಲು ಹೆರೆದು ನೋಡಬೇಕು. ಹಾಗಾಗಿ ಬಲಗೈ ಕರಡಿಯದು, ಎಡಗೈ ಎಳೆಗೂಸಿನದು! ಒಮ್ಮೆ ಅಂಗಡಿಯವನಿಗೆ ಗ್ಯಾರಂಟಿ ಕೇಳಿದನಂತೆ.

"ಯಜಮಾನ್ರ, ನಿಮಗ ಗ್ಯಾರಂಟಿ ಐತೇನ್ರಿ? ಪಾಪ, ಈ ಚಾಕುನ ಯಾಕ ಕಾಡ್ತೀರಿ!"

ಆ ಮಾತಿಗೇ ಮೆಚ್ಚಿ ಕಾಕಾ ಎರಡು ಕೊಂಡ. ಎರಡೂ ಇವತ್ತಿಗೂ ಕಬ್ಬು ಸುಲಿಯುತ್ತಿವೆ.

ಮನೆಗೆ ಬಂದರೆ ಚಿಗವ್ವ ಈಳಿಗೆ ಮುಂದೆ ಕೂತು ಕಾಯುತ್ತಿರುತ್ತಾಳೆ. "ಬಂದ್ರು ನೋಡ್ರಿ ದಂಡಿನ ಸರದಾರ್ರು! ಇನ್ನೊಂದ ತಂದ್ರ ಮೊದಲ ನನ್ನ ಮೂಗ ಕೊಯ್ರಿ!"

"ನಿನ್ನ ಮೂಗಿಗೆ ಇದು ಸಾಲೂದಿಲ್ಲ. ದೊಡ್ಡದ ತರತೇನಿ, ತಡಿ."

ಈ ಜಗಳ ಕೇಳದ ದಿನ ಬಾಜೂ ಮನೆಯವರು, ಇವರು ಊರಲ್ಲಿಲ್ಲ ಎಂದುಕೊಂಡು ಹಾಲಿನವನನ್ನು ತಿರುಗಿಸಿ ಕಳಿಸುತ್ತಿದ್ದರು.

ಪೊಲೀಸರು ಒಮ್ಮೆ ಹಿಡಿದದ್ದೂ ಉಂಟು. ತುಕ್ಕಾನಟ್ಟಿಯಲ್ಲಿ ಹೊಸ ಸಮುದಾಯ ಭವನದ ಉದ್ಘಾಟನೆ. ಹರಿವಾಣದಲ್ಲಿ ಬೆಳ್ಳಿ ಬಣ್ಣದ ಕತ್ತರಿ. ಮುಖ್ಯ ಅತಿಥಿಗಳು ಕತ್ತರಿಸುತ್ತಾರೆ, ಕತ್ತರಿಸುತ್ತಾರೆ, ರಿಬ್ಬನ್ನು ಜಪ್ಪಯ್ಯ ಅನ್ನುವುದಿಲ್ಲ! ಕಾಕಾನಿಗೆ ತಡೆಯಲಾಗಲಿಲ್ಲ. ಚಾಕು ಬಿಚ್ಚಿ ಹಿಡಿದು, "ತಡೀರಿ ಸಾಹೇಬ್ರ, ನಾ ಬಂದ್ನಿ!" ಎನ್ನುತ್ತ ಜನರ ನಡುವಿನಿಂದ ನುಗ್ಗಿದ. ಮುಂದಿನದನ್ನು ಹೇಳಬೇಕೆ? ಇಬ್ಬರು ಪೇದೆಗಳು ಅವನನ್ನು ನೆಲಕ್ಕೆ ಒತ್ತಿ ಹಿಡಿದರು. "ಅವರಿಗಲ್ರೀ, ರಿಬ್ಬನ್‌ಗೆ!" ಎಂದು ಕಾಕಾ ಕೆಳಗಿನಿಂದಲೇ ಒದರುತ್ತಿದ್ದ. ಕಡೆಗೆ ಜಪ್ತಾದ ಅದೇ ಚಾಕುವಿನಿಂದ ಅತಿಥಿಗಳು ಒಂದೇ ಏಟಿಗೆ ರಿಬ್ಬನ್ನು ಕೊಯ್ದರು, ಜನ ಚಪ್ಪಾಳೆ ತಟ್ಟಿದರು.

ನಾನು ಹುಕ್ಕೇರಿಯ ಸೊಸೆಯಾದ ಮೇಲೆ ನನ್ನ ಯಜಮಾನರು ಕಾಕಾನ ಮುಂದೆ ಒಂದು ಫಾರಿನ್ ಚಾಕು ಇಟ್ಟರು. ಅದರೊಳಗೆ ಕತ್ತರಿ, ಹಲ್ಲುಕಡ್ಡಿ, ಬಾಟ್ಲಿಯ ಮುಚ್ಚಳ ಎಬ್ಬಿಸುವ ಕೊಕ್ಕೆ, ಇನ್ನೂ ಏನೇನೋ. ಕಾಕಾ ಒಳಗೆ ಹೋಗಿ ಗೋಕಾಕದ ಕರದಂಟು ತಂದಿಟ್ಟ. ಹಳತಾದ ಕರದಂಟು ಗೊತ್ತಲ್ಲ, ಹಲ್ಲಿನ ಡಾಕ್ಟರರ ಪರಮ ಮಿತ್ರ! ಫಾರಿನ್ ಚಾಕು ಠೀವಿಯಿಂದ ಒಳಗೆ ಹೋಯಿತು, ಹೊರಗೆ ಬರಲೇ ಇಲ್ಲ. ಕಾಕಾ ಸಂತೆಯ ಚಾಕುವಿನಿಂದ ಕರದಂಟು ಸೀಳಿ ಅದನ್ನು ಬಿಡಿಸಿಕೊಟ್ಟ.

"ಅಳಿಯಂದ್ರ, ಇದರಾಗಿನ ಹಲ್ಲುಕಡ್ಡಿ ಛಲೋ ಐತಿ. ಅದನ್ನ ಇಟ್ಗೋರಿ."

ಹೋದ ಚಳಿಗಾಲ ಗೋಕಾಕದ ದವಾಖಾನೆಯಲ್ಲಿ ಚಿಗವ್ವನಿಗೆ ಹೊಟ್ಟೆಯ ಆಪರೇಷನ್ ಆಯಿತು. ಜೀವ ಉಳಿಯಿತು. ಆದರೆ ಚಿಗವ್ವ ಊಟ ಬಿಟ್ಟಳು, ಮಾತು ಬಿಟ್ಟಳು, ಗೋಡೆಯ ಕಡೆ ಮುಖ ಮಾಡಿ ಮಲಗಿಬಿಟ್ಟಳು. "ಗಾಯ ಮಾಯಾಕತ್ತೈತ್ರಿ. ಬದಕಬೇಕಂತ ಮನಸ ಅವರಿಗೇ ಬರಬೇಕು," ಎಂದರು ಡಾಕ್ಟರು. ಕಾಕಾ ಏನೇನೋ ತಮಾಷೆ ಮಾಡಿ ನೋಡಿದ. ಚಿಗವ್ವ ಹೊರಳಿಯೂ ನೋಡಲಿಲ್ಲ.

ಒಂದು ಮಧ್ಯಾಹ್ನ ಕಾಕಾ ಚಿಗವ್ವನ ಮಂಚದ ಪಕ್ಕ ಪೇರಲ ಹಣ್ಣು ಹೆಚ್ಚುತ್ತ ಕೂತಿದ್ದವನು ಥಟ್ಟನೆ ನಿಲ್ಲಿಸಿದ. ನಮ್ಮ ಕಡೆ ಚಾಕುವನ್ನು ಕೈಯಿಂದ ಕೈಗೆ ಕೊಡುವುದಿಲ್ಲ. ಕೊಟ್ಟರೆ ಇಬ್ಬರಿಗೂ ಜಗಳವಾಗುತ್ತದಂತೆ. ಕೆಳಗಿಡಬೇಕು, ಬೇಕಾದವರು ಎತ್ತಿಕೊಳ್ಳಬೇಕು. ದಿನಾ ಜಗಳವಾಡುವ ಆ ಮನೆಯಲ್ಲೂ ಚಿಗವ್ವ ಈ ನೇಮ ಮುರಿದವಳಲ್ಲ. ಕಾಕಾ ಚಾಕು ಮಡಚಿ, ಸೀದಾ ಅವಳ ಅಂಗೈಯಲ್ಲಿಟ್ಟು, ಬೆರಳು ಮುಚ್ಚಿದ.

"ಕೈಯಾಗ ಕೊಟ್ಟೇನಿ ನೋಡು. ಜಗಳ ಆಗೂದ ಖರೆ ಇದ್ದರ ಈಗ ಆಗಲಿ. ನೀ ಸುಮ್ಮ ಇದ್ದರ ನನಗ ಅಂಜಿಕಿ ಬರತೈತಿ."

ಚಿಗವ್ವ ನಿಧಾನವಾಗಿ ಈ ಕಡೆ ಹೊರಳಿದಳು. ಚಾಕು ನೋಡಿದಳು, ಹಣ್ಣು ನೋಡಿದಳು.

"ಹೊಟ್ಟಿ ಕೊಯ್ಸಕೊಂಡ ಮಲಗೇನಿ, ಬೀಜದ ಪೇರಲ ತಂದೀರಿ! ಇದ್ದ ಬುದ್ಧಿನೂ ಸಂತ್ಯಾಗ ಮಾರಿ ಬಂದೀರೇನು?"

ಕಾಕಾ ಆ ಕೈ ಹಿಡಿದುಕೊಂಡು ಗಳಗಳನೆ ಅತ್ತುಬಿಟ್ಟ.

"ಹೌದ, ಮಾರಿ ಬಂದೇನಿ," ಎಂದ. "ಇನ್ನಷ್ಟ ಬೈ."